ಬಿದ್ದವನ ಕಾಲು

"ಎಡಗಾಲು! ಎಡಗಾಲಿಗೇ ಒದ್ದ ಕಣ್ರೋ!"

ಕೂಗಿದವನು ಕ್ಷೌರಿಕನೇ. ತನ್ನದೇ ಅಂಗಡಿಯಲ್ಲಿ, ತನ್ನದೇ ಕುರ್ಚಿಯಲ್ಲಿ, ಕುತ್ತಿಗೆಯ ಸುತ್ತ ಬಿಳಿ ಬಟ್ಟೆ ಬಿಗಿಸಿಕೊಂಡು ಕೂತು ಕೂಗಿದ್ದ. ಊರಿನವರ ತಲೆಯನ್ನೆಲ್ಲ ನೋಡಿಕೊಳ್ಳುವವನ ತಲೆ ನೋಡಿಕೊಳ್ಳಲು ಇನ್ನೊಬ್ಬ ಬೇಕು. ಅಂಗಡಿಯ ಎರಡನೆಯ ಕುರ್ಚಿ ಅವನ ತಮ್ಮನದು. ಬೆಂಚಿನ ತುಂಬ ಜನರಿದ್ದರೂ ಅವರೆಲ್ಲ ಟೀವಿಯ ಫುಟ್‌ಬಾಲ್ ಆಟಕ್ಕೆ ಬಂದವರೇ ಹೊರತು ಕ್ಷೌರಕ್ಕೆ ಬಂದವರಲ್ಲ ಎಂದು ಖಾತ್ರಿಯಾದ ಮೇಲೆ ತಮ್ಮ, "ಅಣ್ಣಾ, ನಿನ್ನ ಕಿವಿ ಎಲ್ಲಿದೆ ಅಂತ ಹುಡುಕ್ಬೇಕಾಗಿದೆ, ಕೂತ್ಕೋ" ಎಂದು ಹಿಡಿದು ಕೂರಿಸಿದ್ದ.

"ಯಾವ ಎಡಗಾಲಣ್ಣ? ಬಲಗಾಲು!" ಬೆಂಚಿನವರು ಒಟ್ಟಿಗೆ ಹೇಳಿದರು.

ಕ್ಷೌರಿಕ ನೆಲವನ್ನು ಕಾಲಿಂದ ಒದ್ದು ಕುರ್ಚಿಯನ್ನು ಗಿರಕ್ಕನೆ ಹಿಂದಕ್ಕೆ ತಿರುಗಿಸಿದ. ಕನ್ನಡಿಗೆ ಎದುರಾದ ಹಿಂದಿನ ಗೋಡೆಯ ಮೇಲೆ ಟೀವಿ ಇತ್ತು. ಅದರಲ್ಲಿ ಬಿದ್ದ ಆಟಗಾರ ಬಲಗಾಲನ್ನು ಎರಡೂ ಕೈಯಿಂದ ಅವುಚಿ ಹಿಡಿದು ಹುಲ್ಲಿನ ಮೇಲೆ ಹೊರಳುತ್ತಿದ್ದ. 'ನಾಟಕ! ಒದೆ ಬಿದ್ದದ್ದು ಒಂದು ಕಾಲಿಗೆ, ಹಿಡಿದದ್ದು ಇನ್ನೊಂದು ಕಾಲು' ಎಂಬ ಮಾತು ಕ್ಷೌರಿಕನ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತುಬಿಟ್ಟಿತು. ಆ ಮಾತು ಅವನದಾಗಿರಲಿಲ್ಲ. ಬೇರೊಬ್ಬನ ಬಾಯಲ್ಲಿ ಕೇಳಿದ್ದ ಮಾತು. ಇದೇ ಅಂಗಡಿಯಲ್ಲಿ, ಇದೇ ಕುರ್ಚಿಯಿಂದ.

ಸುತ್ತ ಆಗಲೇ ಜಗಳ ಹೊತ್ತಿಕೊಂಡಿತ್ತು.

"ತರಗೆಲೆ ಬಿದ್ದ ಹಾಗೆ ಬಿದ್ದ ನೋಡಿ. ಗಾಳಿ ಸೋಕಿದ್ದಕ್ಕೆಲ್ಲ ಪೆನಾಲ್ಟಿ ಕೊಡೋದಾದ್ರೆ ನಮ್ಮನೇಲಿ ಒಣಹಾಕಿರೋ ಪಂಚೆಗೂ ಕೊಡ್ಬೇಕು" ಎಂದ ಡ್ರೈವಿಂಗ್ ಕಲಿಸುವವನು. ಆಟ ಬಿಗಿಯಾದಾಗಲೆಲ್ಲ ಕಾಲನ್ನು ನೆಲಕ್ಕೆ ಒತ್ತುತ್ತಲೇ ಇರುತ್ತಿದ್ದುದರಿಂದ ಅವನಿಗೆ ಕ್ಲಚ್ಚು ಎಂದೇ ಹೆಸರು.

"ಸೋಕಿದ್ದಾ? ಮೂಳೆ ಮುರಿಯೋ ಹಾಗೆ ಒದ್ದಿದ್ದಾನೆ!" ಔಷಧಿ ಅಂಗಡಿಯವನು ಎದ್ದೇ ನಿಂತ. "ರೆಫರಿ ಮೂರು ಮಾರು ದೂರದಲ್ಲಿದ್ದಾನೆ, ಸೀಟಿ ಬಾಯಲ್ಲೇ ಇದೆ, ಊದಲ್ಲ. ಬೇಲೀನೇ ಎದ್ದು ಹೊಲ ಮೇಯ್ದ್ರೆ ಯಾರನ್ನ ಕೇಳೋಣ?"

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ರೆಫರಿ ಏನ್ಮಾಡ್ತಾನ್ರೀ? ನಿಮ್ಮ ಕೋಚು ಆ ಮುದಿ ಕ್ಯಾಪ್ಟನ್ನನ್ನ ಇನ್ನೂ ಆಡಿಸ್ತಿದಾನಲ್ಲ, ಅದನ್ನ ಹೇಳಿ. ಗೇರೇ ಬೀಳದ ಗಾಡಿ ಅದು. ಹೊರಗೆ ಕರ್ಕೊಳ್ಳೋಕೆ ಧೈರ್ಯ ಬೇಡ್ವಾ?"

"ದಿಣ್ಣೆ ಹತ್ತೋದು ಹಳೇ ಗಾಡೀನೇ ಕಣಯ್ಯ. ನಿನ್ನ ಹತ್ರ ಕಲಿತವರು ಎದುರಿಗೆ ಬಂದಾಗ ಚರಂಡಿಗೆ ಇಳಿಯೋದೂ ಹಳೇ ಗಾಡೀನೇ."

ಬೆಂಚು ನಕ್ಕಿತು. ಕ್ಲಚ್ಚು ತಾನೂ ನಕ್ಕು, ನಗುವಿನ ಬಾಲ ಹಿಡಿದು, "ಈಗ ಹರಾಜಣ್ಣ ಇದ್ದಿದ್ರೆ..." ಎಂದವನು ನಾಲಿಗೆ ಕಚ್ಚಿಕೊಂಡ. ಎಲ್ಲರೂ ಒಮ್ಮೆ ಕ್ಷೌರಿಕನ ಮುಖ ನೋಡಿದರು. ಆಮೇಲೆ ನೋಡಿಲ್ಲವೆಂಬಂತೆ ಟೀವಿ ನೋಡಿದರು.

ಕ್ಷೌರಿಕನ ಕಿವಿಗೆ ಅದು ಬಿದ್ದಂತಿರಲಿಲ್ಲ. ಟೀವಿಯವರು ಒದೆತವನ್ನು ಮತ್ತೆ ನಿಧಾನವಾಗಿ ತೋರಿಸುತ್ತಿದ್ದರು. ಅವನು ಕುರ್ಚಿಯನ್ನು ಕನ್ನಡಿಯ ಕಡೆಗೆ ತಿರುಗಿಸಿದ. ಎಡಗಾಲು. ಟೀವಿಯ ಕಡೆಗೆ ತಿರುಗಿಸಿದ. ಬಲಗಾಲು. ಮತ್ತೆ ಕನ್ನಡಿಯ ಕಡೆಗೆ.

"ಅಣ್ಣಾ, ಹೀಗೆ ಗಿರಗಿಟ್ಲೆ ಆಡಿದ್ರೆ ಕಿವಿ ನನ್ನ ಕೈಗೆ ಬರತ್ತೆ" ಎಂದು ತಮ್ಮ ಕತ್ತರಿಯನ್ನು ಮೇಲೆತ್ತಿ ಹಿಡಿದು ನಿಂತ.

"ಸಾಕು ಬಿಡೋ. ಎಷ್ಟಾಗಿದೆಯೋ ಅಷ್ಟು ಸಾಕು."

ಬಟ್ಟೆ ಬಿಚ್ಚಿಟ್ಟು, ಒಂದು ಕಡೆ ಕೂದಲು ಗಿಡ್ಡ, ಇನ್ನೊಂದು ಕಡೆ ಉದ್ದ ಮಾಡಿಕೊಂಡೇ ಕ್ಷೌರಿಕ ಹಿತ್ತಿಲ ನಲ್ಲಿಯ ಹತ್ತಿರ ಹೋಗಿ ನಿಂತ. ನಲ್ಲಿ ತಿರುಗಿಸಿದ. ನೀರು ಸುರಿಯುತ್ತಲೇ ಇತ್ತು. ಕೈಯೊಡ್ಡಲು ಅವನಿಗೆ ಮರೆತುಹೋಗಿತ್ತು.

ಹರಾಜಣ್ಣನೆಂದರೆ ತರಕಾರಿಯ ಸಗಟು ಮಂಡಿಯಲ್ಲಿ ಹರಾಜು ಕೂಗುತ್ತಿದ್ದವನು. ಚಿಕ್ಕಂದಿನಲ್ಲಿ ತಾತನ ಪಕ್ಕ ಕೂತು ದೇವರ ಪದ್ಯ ಹೇಳಿ ಪಳಗಿದ ಗಂಟಲು ಅದು. ಸಾಲಿನ ಕೊನೆಗೆ ಉಸಿರು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎತ್ತಬೇಕು ಎಂದು ತಾತ ತೊಡೆ ತಟ್ಟಿ ಕಲಿಸಿದ್ದನಂತೆ. ಬೆಳಗಿನ ಮಂಜಿನಲ್ಲಿ ಅವನು ಮೂಟೆಯ ಮೇಲೆ ನಿಂತು ಕೂಗಿದರೆ ಮೂರು ಬೀದಿಯಾಚೆ ಮಲಗಿದ್ದ ಕ್ಷೌರಿಕ ಏಳುತ್ತಿದ್ದ. ಆದರೆ ಹರಾಜಿನವನಿಗೆ ಅನ್ನ ಕೊಡುವುದು ಗಂಟಲಲ್ಲ, ಕಣ್ಣು. ನೂರು ಜನರ ನಡುವೆ ಯಾರ ಬೆರಳು ಮೊದಲು ಎದ್ದಿತು ಎಂದು ಅವನು ಕಂಡು ಹೇಳಬೇಕು. ಅವನು ಹೇಳಿದ ಮೇಲೆ ಅದು ಹಾಗೆಯೇ. ಇವನ ಕಣ್ಣು ತಪ್ಪಿತೆಂದು ಮಂಡಿಯಲ್ಲಿ ಒಬ್ಬರೂ ಅಂದಿರಲಿಲ್ಲ.

ಹರಾಜು ಮುಗಿಸಿ ದಿನವೂ ಅವನು ಕ್ಷೌರಿಕನ ಮೊದಲ ಕುರ್ಚಿಗೆ ಬರುತ್ತಿದ್ದ. ಇಬ್ಬರೂ ಒಂದೇ ಬೀದಿಯಲ್ಲಿ ಚಿಂದಿಯ ಚೆಂಡು ಒದ್ದು ಬೆಳೆದವರು. ಕ್ಷೌರಿಕನನ್ನು ಅವನು ಕರೆಯುತ್ತಿದ್ದದ್ದು 'ಕತ್ತರಿ' ಎಂದೇ. ಅಂಗಡಿಯಲ್ಲಿ ಸರದಿಯ ಜಗಳ ಬಂದರೆ, ಪಂದ್ಯದ ಮೇಲೆ ಮಾತು ಜೋರಾಗಿ ಅಂಗಿಯ ಕಾಲರಿಗೆ ಕೈ ಹೋದರೆ, ಹರಾಜಣ್ಣ ನೊರೆಮುಖದಲ್ಲೇ ಎದ್ದು ನಿಂತು ರೆಫರಿಯ ಹಾಗೆ ಎರಡೂ ಕೈಯನ್ನು ಮುಂದಕ್ಕೆ ಚಾಚುತ್ತಿದ್ದ. "ಏನದು, ಗೊತ್ತಾ? ತಪ್ಪಾಗಿದೆ, ನಾನು ಕಂಡಿದ್ದೀನಿ, ಆದ್ರೂ ಆಟ ನಿಲ್ಲಿಸಲ್ಲ, ನಡೀಲಿ ಅಂತ. ರೆಫರಿಗಳ ಕೈಸನ್ನೇಲೆಲ್ಲ ಇದೇ ದೊಡ್ಡದು. ಸೀಟಿ ಯಾವನು ಬೇಕಾದ್ರೂ ಊದ್ತಾನೆ." ಆ ಕೈ ಕಂಡರೆ ಜಗಳವಾಡುತ್ತಿದ್ದವರಿಗೂ ನಗು ಬರುತ್ತಿತ್ತು.

ಇದೇ ಪಂದ್ಯಾವಳಿ, ಹೋದ ಸಲ ನಡೆದಾಗ. ಸೆಮಿಫೈನಲ್. ಹರಾಜಣ್ಣ ಕುರ್ಚಿಯಲ್ಲಿದ್ದ, ಮುಖದ ತುಂಬ ನೊರೆ. ಬಲಗೆನ್ನೆ ಮುಗಿದಿತ್ತು, ಎಡಗೆನ್ನೆ ಬಾಕಿ. ಕುರ್ಚಿಯಲ್ಲಿ ಕೂತವರಿಗೆ ಆಟ ಕಾಣುವುದು ಕನ್ನಡಿಯಲ್ಲಿ. ಅದು ಅಂಗಡಿಗೆಲ್ಲ ರೂಢಿಯಾಗಿತ್ತು. ಕ್ಷೌರಿಕ ಕತ್ತಿ ಹಿಡಿದು ಟೀವಿಯ ಕಡೆ ತಿರುಗಿ ನಿಂತಿದ್ದ. ಅಷ್ಟರಲ್ಲಿ ಮುನ್ನುಗ್ಗಿ ಬಂದವನೊಬ್ಬ ಗೋಲಿನ ಹತ್ತಿರ ಬಿದ್ದ. ಹರಾಜಣ್ಣ ಕುರ್ಚಿ ತಿರುಗಿಸಿ, ಟೀವಿಯನ್ನು ಒಂದು ಗಳಿಗೆ ದಿಟ್ಟಿಸಿ, ಮಂಡಿಯಲ್ಲಿ ಕೂಗುವಂತೆ ಕೂಗಿದ: "ನಾಟಕ! ಒದೆ ಬಿದ್ದದ್ದು ಎಡಗಾಲಿಗೆ, ಹಿಡ್ಕೊಂಡಿರೋದು ಬಲಗಾಲು! ಕಳ್ಳ!" ಟೀವಿಯವರು ಮತ್ತೆ ತೋರಿಸುವ ಮೊದಲೇ ಕರೆಂಟು ಹೋಯಿತು.

ಕತ್ತಲೆಯ ಟೀವಿಯ ಮುಂದೆ ಮಾತು ಮಾತಿಗೆ ಬೆಳೆಯಿತು. ಬೆಂಚಿನವರೆಲ್ಲ ನೇರವಾಗಿ ನೋಡಿದವರು, ಒದೆ ಬಿದ್ದದ್ದು ಬಲಗಾಲಿಗೇ ಎಂದರು. ಹತ್ತು ಜನ ಒಂದು ಕಡೆ, ಅವನೊಬ್ಬ ಒಂದು ಕಡೆ. ಅವನು ಬಿಡಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. "ನಾನು ನೋಡಿದ್ದೀನಿ" ಎಂದ. "ನನ್ನ ಕಣ್ಣಿಗೆ ಹೇಳಬೇಡಿ." ಆಗ ಕ್ಷೌರಿಕ, ತಾನೂ ಕಣ್ಣಾರೆ ಕಂಡವನೆಂಬ ಉರಿಯಲ್ಲಿ, ಎಲ್ಲರೆದುರು ಅಂದುಬಿಟ್ಟ: "ಅಂಗೈ ಹುಣ್ಣಿಗೆ ಕನ್ನಡಿ ಯಾಕಯ್ಯ? ಸುಳ್ಳು ಕೂಗೀ ಕೂಗೀ ನಿನ್ನ ಕಣ್ಣೂ ಸುಳ್ಳು ಹೇಳೋದು ಕಲ್ತಿದೆ."

ಹರಾಜಣ್ಣ ಕುತ್ತಿಗೆಯ ಬಟ್ಟೆ ಬಿಚ್ಚಿ ಮಡಿಸಿ ಕುರ್ಚಿಯ ಕೈ ಮೇಲೆ ಇಟ್ಟ. ಎಡಗೆನ್ನೆಯ ನೊರೆಯನ್ನು ಒರೆಸಿಕೊಳ್ಳಲೂ ಇಲ್ಲ. ಹಾಗೆಯೇ ಬೀದಿಯಲ್ಲಿ ನಡೆದುಹೋದ. ಅರ್ಧ ಮಾಡಿದ ಮುಖ ಅಂಗಡಿಯಿಂದ ಹೊರಗೆ ಹೋಗುವುದೆಂದರೆ ಕ್ಷೌರಿಕನಿಗೆ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವನೂ ಕರೆಯಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಅಂಗಡಿಯಲ್ಲೇ ಉಳಿದಿದ್ದರೂ ಆಗುತ್ತಿತ್ತೇನೋ. ಬೆಂಚಿನವರ ಬಾಯಿಂದ ಮಂಡಿಗೆ ಹೋಯಿತು. ಸರಕು ಕೈತಪ್ಪಿದ ವ್ಯಾಪಾರಿಗಳು ಹಿಂದಿನಿಂದ ಕೂಗತೊಡಗಿದರು: "ಹರಾಜಣ್ಣಾ, ಯಾವ ಬೆರಳು ಕಂಡೆ? ಎಡಗಾಲೋ ಬಲಗಾಲೋ?" ಮೊದಲು ನಗೆಗೆ, ಆಮೇಲೆ ಸಿಟ್ಟಿಗೆ. ಬರಬರುತ್ತ ಅವನು ಕೂಗುವ ಮುಂಚೆ ಎರಡೆರಡು ಸಲ ಜನರನ್ನು ನೋಡುತ್ತಿದ್ದನಂತೆ. ನೋಡುವಷ್ಟರಲ್ಲಿ ಪದ್ಯದಂಥ ಕೂಗಿನ ನಡೆ ತಪ್ಪುತ್ತಿತ್ತು. ಕೊನೆಗೆ ಗಂಟಲು ಕಟ್ಟಿತು, ಚಳಿಗೆ ಅಂದುಕೊಂಡರು. ಚಳಿಯದ್ದಾಗಿರಲಿಲ್ಲ, ಗಂಟಲಿನ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು ಎಂಬ ಸುದ್ದಿ ಔಷಧಿ ಅಂಗಡಿಯವನ ಮೂಲಕ ಬಂತು. ಕ್ಷೌರಿಕ ಒಂದು ಮಧ್ಯಾಹ್ನ ಆಸ್ಪತ್ರೆಯ ಬಾಗಿಲವರೆಗೂ ಹೋದ. ಮಾತೇ ಇಲ್ಲದವನ ಎದುರು ಹೋಗಿ ಯಾವ ಮಾತಾಡುವುದು? ಹಣ್ಣಿನ ಚೀಲವನ್ನು ಕಾವಲುಗಾರನ ಕೈಗೆ ಕೊಟ್ಟು ಬಂದ. ಯಾರು ಕೊಟ್ಟರೆಂದು ಹೇಳಬೇಡ ಎಂದೂ ಹೇಳಿದ.

ಈಗ ನಲ್ಲಿಯ ನೀರು ಪಾದದವರೆಗೂ ಬಂದಿತ್ತು. ಕನ್ನಡಿ ಎಡಬಲ ಮಾಡುತ್ತದೆಂಬುದು ಯಾರಿಗೆ ಗೊತ್ತಿಲ್ಲ? ಹುಟ್ಟಿದಾಗಿನಿಂದ ಕನ್ನಡಿಯ ಮುಂದೆ ಕೆಲಸ ಮಾಡಿದವನು. ಸ್ಕೋರಿನ ಅಂಕಿ ತಿರುಗಿ ಕಾಣುತ್ತದೆಂದು ಗಿರಾಕಿಗಳೊಡನೆ ನಕ್ಕವನು. ಹರಾಜಣ್ಣ ಒದೆಯನ್ನು ಕನ್ನಡಿಯಲ್ಲಿ ನೋಡಿದ, ಹೊರಳಾಟವನ್ನು ಟೀವಿಯಲ್ಲಿ ನೋಡಿದ. ಅಷ್ಟೇ. ಅವನು ಕಂಡದ್ದನ್ನೇ ಹೇಳಿದ್ದ.

"ಅಣ್ಣಾ," ತಮ್ಮ ಬಾಗಿಲಲ್ಲಿ ನಿಂತಿದ್ದ. "ಪೆನಾಲ್ಟಿ ಕೊಟ್ರು. ಬಾ, ಒಂದು ಕಡೆ ಉಳಿದಿದೆ."

"ನಾಳೆ ಅಂಗಡಿ ನೀನೇ ನೋಡ್ಕೋ" ಎಂದ ಕ್ಷೌರಿಕ. "ನನಗೊಂದು ಕಡೆ ಉಳಿದಿದೆ."

ಮರುದಿನ ಮಧ್ಯಾಹ್ನ, ಆಟ ಶುರುವಾಗುವ ಹೊತ್ತಿಗೆ, ಕತ್ತಿ ಕುಂಚ ಬಟ್ಟಲುಗಳನ್ನು ಸಣ್ಣ ಪೆಟ್ಟಿಗೆಯಲ್ಲಿಟ್ಟುಕೊಂಡು ಅವನು ಹರಾಜಣ್ಣನ ಮನೆಯ ಬಾಗಿಲು ತಟ್ಟಿದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಪದ್ಯದಂತೆ ಬಾಯಿಪಾಠ ಮಾಡಿಕೊಂಡಿದ್ದ. ಬಾಗಿಲು ತೆರೆದವಳು ಹರಾಜಣ್ಣನ ಹೆಂಡತಿ. ಅವನನ್ನು ಕಂಡು ಆಶ್ಚರ್ಯಪಡಲಿಲ್ಲ. ತಡವಾಗಿ ಬಂದ ನೆಂಟನನ್ನು ನೋಡುವಂತೆ ನೋಡಿದಳು.

"ಬನ್ನಿ. ಚಪ್ಪಲಿ ಅಲ್ಲೇ ಬಿಡಿ."

"ಹೇಗಿದಾನೆ ಅತ್ತಿಗೆ?"

"ಮತ್ತೆ ಬಂದಿದೆಯಂತೆ. ಈ ಸಲ ಕೆಳಗೆ, ಎದೇಲಿ. ಇನ್ನು ಆಸ್ಪತ್ರೆಗೆ ಕರ್ಕೊಂಡು ಬರೋದು ಬೇಡ ಅಂದ್ರು ಡಾಕ್ಟ್ರು." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಒಂದು ವಿಷಯ ಗೊತ್ತಾ? ಬೆಳಗ್ಗೆ ಎದ್ದು ಈಗಲೂ ಪದ್ಯ ಹೇಳ್ತಾರೆ. ತುಟಿ ಅಲ್ಲಾಡತ್ತೆ ಅಷ್ಟೆ. ನಾನು ಪಕ್ಕದಲ್ಲಿ ಕೂತು ಕೇಳ್ತೀನಿ. ಏನು ಕೇಳ್ಸತ್ತೆ ಅಂತ ಮಾತ್ರ ಕೇಳ್ಬೇಡಿ."

ಕ್ಷೌರಿಕ ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟ.

ಟೀವಿ ಒಂದು ಗೋಡೆಯ ಮೇಲೆ, ಸಣ್ಣ ದನಿಯಲ್ಲಿ ಓಡುತ್ತಿತ್ತು. ಮಂಚದ ತಲೆದಿಂಬು ಆ ಗೋಡೆಗೇ ತಾಗಿತ್ತು. ಹರಾಜಣ್ಣ ದಿಂಬಿಗೊರಗಿ ಟೀವಿಗೆ ಬೆನ್ನು ಮಾಡಿ ಕೂತಿದ್ದ. ಅವನೆದುರು ಬಟ್ಟೆಯ ಬೀರು, ಬೀರುವಿನ ಬಾಗಿಲಿಗೆ ನಿಲುಗನ್ನಡಿ. ಕನ್ನಡಿಯೊಳಗೆ ಹಸಿರು ಮೈದಾನ, ತಿರುಗಿ ಕಾಣುವ ಅಂಕಿಗಳು.

"ಅದೊಂದು ಹಟ ಇವರದು" ಎಂದಳು ಅವಳು ಹಿಂದಿನಿಂದ. "ಆಟಗಳು ಶುರುವಾದ ದಿನದಿಂದ ಮಂಚ ಹೀಗೇ ತಿರುಗಿಸ್ಬೇಕು. ನೇರ ನೋಡೋಕೇನು ಕಷ್ಟ ಅಂದ್ರೆ ಕೈ ಬೀಸ್ತಾರೆ."

ಕ್ಷೌರಿಕನ ಬಾಯಿಪಾಠವೆಲ್ಲ ಗಾಳಿಗೆ ಹೋಯಿತು. ಗೊತ್ತಾಗಿದ್ದರಿಂದ ಹೀಗೆ ಕೂತಿದ್ದಾನೋ, ಅಂಗಡಿಯ ಕುರ್ಚಿ ನೆನಪಾಗಿ ಕೂತಿದ್ದಾನೋ, ಕೇಳುವ ಧೈರ್ಯ ಅವನಿಗಿರಲಿಲ್ಲ. ಕನ್ನಡಿಯಲ್ಲಿ ಹರಾಜಣ್ಣನ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ದೇಹ ಅರ್ಧವಾಗಿತ್ತು. ಗಡ್ಡ ಬೆಳೆದು ಬೂದಿಯ ಬಣ್ಣಕ್ಕೆ ತಿರುಗಿತ್ತು. ಕತ್ತಿನ ಬುಡದಲ್ಲಿ, ಉಸಿರಾಡಲು ಕೊರೆದ ತೂತಿನ ಮೇಲೆ ತೆಳುವಾದ ಬಟ್ಟೆ ಕಟ್ಟಿತ್ತು. ಉಸಿರಿಗೊಮ್ಮೆ ಅದು ಉಬ್ಬಿ ಇಳಿಯುತ್ತಿತ್ತು. ಕಣ್ಣು ಮಾತ್ರ ಮಂಡಿಯ ಕಣ್ಣೇ. ಆ ಕಣ್ಣು ಕ್ಷೌರಿಕನ ಮುಖ ನೋಡಿತು, ಕೈಯ ಪೆಟ್ಟಿಗೆ ನೋಡಿತು, ಕೊನೆಗೆ ಅವನ ತಲೆ ನೋಡಿತು. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಹುಬ್ಬು ಮೇಲೇರಿತು.

"ತಮ್ಮನ ಕೈವಾಡ" ಎಂದ ಕ್ಷೌರಿಕ. ಆಡಿದ ಮೊದಲ ಮಾತು ಅದು. "ಮಧ್ಯ ಎದ್ದುಬಂದೆ."

ಹರಾಜಣ್ಣ ತನ್ನ ಗಡ್ಡ ಸವರಿಕೊಂಡು, ಗಲ್ಲವನ್ನು ಸ್ವಲ್ಪ ಮೇಲೆತ್ತಿದ.

ಕ್ಷೌರಿಕ ಬಿಸಿನೀರು ಕೇಳಿ ತರಿಸಿಕೊಂಡ. ಕತ್ತಿನ ತೂತಿಗೆ ಒಂದು ಹನಿ ನೀರು ಇಳಿದರೂ ಉಸಿರು ಕಟ್ಟುತ್ತದೆಂದು ಅವಳು ಹೇಳಿದ್ದಳು. ಒಣ ಬಟ್ಟೆಯನ್ನು ಸುರುಳಿ ಸುತ್ತಿ ಕತ್ತಿನ ಸುತ್ತ ಕಟ್ಟೆಯಂತೆ ಇಟ್ಟ. ಕುಂಚವನ್ನು ಹಿಂಡಿ ಹಿಂಡಿ ನೊರೆಯನ್ನು ಗಟ್ಟಿ ಮಾಡಿದ, ಹರಿಯದಂತೆ.   ಎಂದಿನಂತೆ ಬಲಗೆನ್ನೆಯಿಂದ ಶುರುಮಾಡದೆ ಅವನು ಮಂಚದ ಆಚೆ ಬದಿಗೆ ಹೋಗಿ ಎಡಗೆನ್ನೆಗೆ ಕತ್ತಿ ಇಟ್ಟ.

ಹರಾಜಣ್ಣನ ಬೆರಳು ಮೇಲೆದ್ದು ಬಲಗೆನ್ನೆಯನ್ನು ಮುಟ್ಟಿ ತೋರಿಸಿತು. ಇಲ್ಲಿಂದಲ್ಲವೇ?

"ಆ ಕಡೇದು ಆವತ್ತೇ ಆಗಿದೆಯಲ್ಲಯ್ಯ" ಎಂದ ಕ್ಷೌರಿಕ.

 ಹರಾಜಣ್ಣನ ಭುಜ ಕುಲುಕತೊಡಗಿತು. ಬಾಯಿ ತೆರೆದಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಶಬ್ದವೇ ಇಲ್ಲ. ಕತ್ತಿನ ಬಟ್ಟೆ ಮಾತ್ರ ಪಟಪಟನೆ ಹಾರಿತು. ಮೂರು ಬೀದಿಯಾಚೆ ಕೇಳಿಸುತ್ತಿದ್ದ ನಗು ಅದು. ಬಾಗಿಲಲ್ಲಿದ್ದ ಹೆಂಡತಿ ಗಾಬರಿಯಾಗಿ ಒಳಗೆ ಬಂದವಳು, ಅವನು ನಗುತ್ತಿದ್ದಾನೆಂದು ಗೊತ್ತಾಗಿ, ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು.

"ಅಲ್ಲಾಡಬೇಡ, ಕುಯ್ದುಬಿಡ್ತೀನಿ" ಎಂದು ಕ್ಷೌರಿಕ ಗದರಿಸಿದ. 

ಇಬ್ಬರೂ ಕನ್ನಡಿಯಲ್ಲಿ ಆಟ ನೋಡಿದರು. ಕ್ಷೌರಿಕ ಕೆಲಸ ಮಾಡುತ್ತಲೇ ಅಂಗಡಿಯ ಸುದ್ದಿಯನ್ನೆಲ್ಲ ಹೇಳಿದ. ಔಷಧಿ ಅಂಗಡಿಯವನಿಗೂ ಕ್ಲಚ್ಚಿಗೂ ಕೋಚಿನ ವಿಷಯದಲ್ಲಿ ದಿನವೂ ಜಗಳ, ಕ್ಲಚ್ಚು ಇನ್ನು ತಲೆನೋವಿನ ಮಾತ್ರೆಗೂ ಆಚೆ ಬೀದಿಗೆ ಹೋಗುತ್ತಾನಂತೆ ಎಂದ. ಈ ಸಲದ ರೆಫರಿಗಳು ಮಾತೆತ್ತಿದರೆ ವಿಡಿಯೊ ನೋಡಲು ಓಡುತ್ತಾರೆ, ತಮ್ಮ ಕಣ್ಣನ್ನು ತಾವೇ ನಂಬುವುದಿಲ್ಲ ಎಂದ. ಅಂದ ಮೇಲೆ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂದು ತಿಳಿಯಿತು. ಕತ್ತಿಯನ್ನು ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಒರೆಸಿದ.

ಆಗ ಕನ್ನಡಿಯಲ್ಲಿ ಒಂದು ತಂಡದ ಕೋಚು ವಯಸ್ಸಾದ ಆಟಗಾರನೊಬ್ಬನನ್ನು ಹೊರಗೆ ಕರೆದ. ಗೆಲ್ಲುತ್ತಿದ್ದ ತಂಡ, ಹೊತ್ತು ಕಳೆಯಲೆಂದು ಅವನು ಹೆಜ್ಜೆಗೊಮ್ಮೆ ನಿಂತು, ಕಾಲುಚೀಲ ಎಳೆದುಕೊಂಡು, ಜನರಿಗೆ ಕೈ ತಟ್ಟಿ, ಮೈದಾನದ ಅಷ್ಟಗಲವನ್ನೂ ಅಳೆದು ಬರುತ್ತಿದ್ದ.

"ನೋಡು ಇವನ ನಡಿಗೆ! ಗಂಡನ ಮನೆಗೆ ಹೊರಟ ಮದುಮಗಳು" ಎಂದ ಕ್ಷೌರಿಕ.

ಹರಾಜಣ್ಣ ಹೊದಿಕೆಯ ಮೇಲೆ ಎರಡು ಬೆರಳನ್ನು ಕಾಲಿನಂತೆ ನಿಲ್ಲಿಸಿದ. ಆ ಬೆರಳುಗಳು ಮೊಣಕಾಲಿನಿಂದ ಮಂಚದ ಅಂಚಿನ ಕಡೆಗೆ ನಡೆಯತೊಡಗಿದವು. ಒಂದು ಹೆಜ್ಜೆ, ನಿಂತವು. ಇನ್ನೊಂದು ಹೆಜ್ಜೆ, ತಿರುಗಿ ನೋಡಿದವು. ಅಂಚು ಮುಟ್ಟುವ ಮೊದಲು ಬಹಳ ಹೊತ್ತು ನಿಂತವು. ಕ್ಷೌರಿಕ ಆ ಬೆರಳುಗಳನ್ನು ನೋಡಲಾರದೆ ಕೈಯನ್ನು ಮೆಲ್ಲಗೆ ಹಿಡಿದು ಹೊದಿಕೆಯ ಮಧ್ಯಕ್ಕೆ ತಂದು ಇಟ್ಟ.

"ಲೋ," ಎಂದ. ಬಾಯಿಪಾಠದ ಮಾತಾಗಿರಲಿಲ್ಲ ಅದು. "ನೀನು ಕನ್ನಡೀಲಿ ನೋಡ್ದೆ. ನಾನು ನೇರ ನೋಡ್ದೆ. ನೆನ್ನೆ ನಾನೇ ಆ ಕುರ್ಚೀಲಿ ಕೂತಾಗ ಗೊತ್ತಾಯ್ತು. ಇಷ್ಟು ದಿನ ನಿನ್ನ ಕುರ್ಚೀಲಿ ನಾನು ಕೂತೇ ಇರಲಿಲ್ಲ. ನಿನ್ನ ಕಣ್ಣು ಸುಳ್ಳು ಹೇಳಿರಲಿಲ್ಲ ಕಣೋ. ನಾನು ಎಲ್ಲರೆದುರು..."

ಹರಾಜಣ್ಣ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದ. ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ದಿಂಬಿನಿಂದ ಬೆನ್ನನ್ನು ಕಷ್ಟಪಟ್ಟು ಮೇಲೆತ್ತಿದ. ಎರಡೂ ಕೈಯನ್ನು ಮುಂದಕ್ಕೆ ಚಾಚಿದ. ಅಂಗಿಯ ತೋಳಿನೊಳಗೆ ಕಡ್ಡಿಯಂಥ ಕೈಗಳು, ಬೆರಳು ಅದುರುತ್ತಿದ್ದವು. ಆದರೂ ಇಳಿಸಲಿಲ್ಲ. ಕನ್ನಡಿಯೊಳಗಿನ ಕೈಗಳು ಈ ಕೈಗಳ ಕಡೆಗೆ ಚಾಚಿಕೊಂಡಿದ್ದವು. ಕ್ಷೌರಿಕ ತಲೆಯಾಡಿಸಿ ಕುಂಚವನ್ನು ನೀರಿಗೆ ಅದ್ದುವವರೆಗೂ ಅವು ಹಾಗೆಯೇ ಇದ್ದವು.

ಬಲಗೆನ್ನೆ ಮುಗಿಯುವಷ್ಟರಲ್ಲಿ ಹರಾಜಣ್ಣನಿಗೆ ನಿದ್ದೆ ಹತ್ತಿತ್ತು. ಕ್ಷೌರಿಕ ಮುಖವನ್ನು ಒದ್ದೆ ಬಟ್ಟೆಯಿಂದ ಒತ್ತಿ, ಒಣ ಬಟ್ಟೆಯಿಂದ ಒತ್ತಿ, ಉಸಿರಿನ ಬಟ್ಟೆ ಸರಿಯಾಗಿದೆಯೇ ಎಂದು ಎರಡು ಸಲ ನೋಡಿ ಹೊರಗೆ ಬಂದ.

"ಫೈನಲ್ ದಿನ ಬೆಳಗ್ಗೆ ಬರ್ತೀನಿ ಅತ್ತಿಗೆ. ಅಷ್ಟೊತ್ತಿಗೆ ಮತ್ತೆ ಬೆಳೆದಿರತ್ತೆ."

"ಬನ್ನಿ" ಎಂದಳು. ಅವನ ಮುಖ ನೋಡದೆಯೇ ಹೇಳಿದಳು.

ಫೈನಲ್ ದಿನ ಬರುವ ಮೊದಲೇ ಅವಳು ಹೇಳಿಕಳಿಸಿದಳು. ಕ್ಷೌರಿಕ ಹೋಗಿ, ಕೊನೆಯ ಸಲ ಆ ಗಲ್ಲ ಹಿಡಿದು, ಕೆಲಸ ಮುಗಿಸಿ ಬಂದ. ಕತ್ತಿನ ಸುತ್ತ ಬಟ್ಟೆಯ ಸುರುಳಿ ಇಡುವ ಅಗತ್ಯ ಈಗ ಇರಲಿಲ್ಲ, ಆದರೂ ಇಟ್ಟಿದ್ದ. ಮಣ್ಣು ಮಾಡುವಾಗ ಮಂಡಿಯವರೆಲ್ಲ ಸೇರಿದ್ದರು. ಕೂಗುವವರು ಯಾರೂ ಇರಲಿಲ್ಲ.

ಫೈನಲ್ ಮಧ್ಯಾಹ್ನ ಅಂಗಡಿ ತೆರೆಯುವುದು ಬೇಡ ಎಂದ ತಮ್ಮ. ತೆರೆ ಎಂದ ಕ್ಷೌರಿಕ. ಬೆಂಚು ತುಂಬಿ, ಬಾಗಿಲು ತುಂಬಿ, ಜನ ಬೀದಿಯವರೆಗೂ ನಿಂತರು. ಮೊದಮೊದಲು ಎಲ್ಲರೂ ತಗ್ಗಿದ ದನಿಯಲ್ಲೇ ಮಾತಾಡಿದರು. ಚೆಂಡು ಒಮ್ಮೆ ಗೋಲಿನ ಕಂಬಕ್ಕೆ ಬಡಿದ ಮೇಲೆ ದನಿ ತಾನಾಗಿಯೇ ಏರಿತು. ಕ್ಲಚ್ಚು ನೆಲ ಒತ್ತತೊಡಗಿದ. ಔಷಧಿ ಅಂಗಡಿಯವನು ಕೋಚಿನ ವಂಶವನ್ನು ಎತ್ತಿ ಬೈದ. ಕ್ಷೌರಿಕ ಮೊದಲ ಕುರ್ಚಿಯಲ್ಲಿ ಕೂತ ಯಾರೋ ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತ ಕನ್ನಡಿಯ ಕಡೆ ಮುಖ ಮಾಡಿ ನಿಂತಿದ್ದ.

ಆಟ ಮುಗಿಯಲು ಸ್ವಲ್ಪವೇ ಉಳಿದಿದ್ದಾಗ ಗೋಲಿನ ಮುಂದೆ ಒಬ್ಬ ಬಿದ್ದ. ಅಂಗಡಿಯೇ ಎದ್ದು ನಿಂತಿತು.

"ನಾಟಕ! ತಾಗೇ ಇಲ್ಲ!"

"ತಾಗಿದೆ ರೀ, ಬಲಗಾಲಿಗೆ ಸರಿಯಾಗಿ ಬಿದ್ದಿದೆ!"

"ಸುಮ್ನಿರಿ, ಸುಮ್ನಿರಿ. ಅಣ್ಣನ್ನ ಕೇಳೋಣ. ಅಣ್ಣಾ, ನೀನು ಹೇಳು, ಬಲಗಾಲಿಗೆ ತಾಗ್ತಾ ಇಲ್ವಾ?"

"ಎಡಗಾಲಿಗೆ ತಾಗ್ತು" ಎಂದ ಕ್ಷೌರಿಕ.

"ಎಡಗಾಲಾ?" ಕ್ಲಚ್ಚು ಹಣೆ ಚಚ್ಚಿಕೊಂಡ. "ಅಣ್ಣಾ, ಕಣ್ಣೇನಾದ್ರೂ ಹೋಯ್ತಾ? ಬಲಗಾಲು ಹಿಡ್ಕೊಂಡು ಹೊರಳ್ತಿದಾನೆ, ತಿರುಗಿ ನೋಡು!"

"ನಾನು ಕಂಡಿದ್ದೀನಿ. ಎಡಗಾಲು."

ಯಾರೋ ನಕ್ಕರು. ಇನ್ನಾರೋ, "ಸುಳ್ಳು!" ಎಂದು ಕೂಗಿದರು. ನಗು ಬೆಂಚಿನಿಂದ ಬಾಗಿಲಿಗೆ, ಬಾಗಿಲಿನಿಂದ ಬೀದಿಗೆ ಹಬ್ಬಿತು. ತಮ್ಮನೊಬ್ಬನೇ ಕತ್ತರಿಯನ್ನು ಕೆಳಗಿಟ್ಟು ಅಣ್ಣನ ಬೆನ್ನನ್ನು ನೋಡುತ್ತ ನಿಂತಿದ್ದ.

ಕ್ಷೌರಿಕ ತಿರುಗಲಿಲ್ಲ. ಕುಂಚ ಹಿಡಿದ ಕೈ ಗಿರಾಕಿಯ ಎಡಗೆನ್ನೆಯ ಮೇಲೆ ನಿಂತಿತ್ತು. ಕನ್ನಡಿಯೊಳಗೆ, ಬಿದ್ದಿದ್ದವನು ನೆಲಕ್ಕೆ ಕೈಯೂರಿ ಎದ್ದ. ಎಡಗಾಲನ್ನು ಎಳೆಯುತ್ತ, ನಿಂತು ನಿಂತು, ಬಿಳಿ ಗೆರೆಯ ಕಡೆಗೆ ನಡೆಯತೊಡಗಿದ.